ಪರದೇಶದ ಪಾಠ, ಆಪ್ತಸಮಾಲೋಚಕರಿಗೆ

ಅಮೆರಿಕದ ಆಪ್ತಸಮಾಲೋಚನಾ ಶಿಕ್ಷಣದಲ್ಲಿ 1992 ಮುಖ್ಯ ವರ್ಷ. ಮನಶ್ಶಾಸ್ತ್ರಜ್ಞ ಡೆರಾಲ್ಡ್ ವಿಂಗ್ ಸೂ ಮತ್ತು ಸಂಗಡಿಗರು, ಅನ್ಯ ಸಂಸ್ಕೃತಿಯವರಿಗೆ ನೆರವಾಗುವ ಸಮಾಲೋಚಕರಲ್ಲಿ ಇರಬೇಕಾದ ಅರ್ಹತೆಗಳನ್ನು ಆಗ ಪಟ್ಟಿ ಮಾಡಿದರು: ತನ್ನ ಪೂರ್ವಗ್ರಹಗಳ ಅರಿವು, ಎದುರಿನವರ ಬದುಕಿನ ತಿಳಿವಳಿಕೆ, ಅದಕ್ಕೊಪ್ಪುವ ಕೌಶಲ. ತಿಳಿವಳಿಕೆ ಪುಸ್ತಕದಿಂದಲೂ ಬಂದೀತು. ಅರಿವು ಅಷ್ಟು ಸುಲಭವಾಗಿ ಬಾರದು. ಬಹುಸಂಖ್ಯಾತರ ನಡುವೆ ಬೆಳೆದವರಿಗೆ ತಮ್ಮ ರೂಢಿಯೇ ಲೋಕರೂಢಿ. ಪರದೇಶಕ್ಕೆ ಕಲಿಯಲು ಹೋಗಿ, ಭಾಷೆ ಬಾರದ ಊರಿನಲ್ಲಿ ಬಸ್ಸು ಹಿಡಿಯಲೂ ಇನ್ನೊಬ್ಬರನ್ನು ಕೇಳಬೇಕಾದಾಗ ವಲಸಿಗರ ಅಸಹಾಯಕತೆ ಅರ್ಥವಾಗತೊಡಗುತ್ತದೆ. ಅಮೆರಿಕದ ತರಬೇತಿಯಲ್ಲಿ ಸಮಾಲೋಚನೆಯೆಂದರೆ ಬಹುಮಟ್ಟಿಗೆ ಮುಚ್ಚಿದ ಕೋಣೆಯಲ್ಲಿ ಇಬ್ಬರ ಮಾತು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಕುಟುಂಬವನ್ನೂ ಚಿಕಿತ್ಸೆಯಲ್ಲಿ ತೊಡಗಿಸುವ ಪರಂಪರೆಯಿದೆ. ಇಂಥದ್ದನ್ನು ಕಂಡವರಿಗೆ, ಮನೆಯವರ ಮಾತು ಕೇಳುವುದೆಲ್ಲ ದೌರ್ಬಲ್ಯವಲ್ಲ ಎಂದು ಹೊಳೆಯುತ್ತದೆ.

ಸಮಾಲೋಚನೆಯ ವಿದ್ಯಾರ್ಥಿಗಳ ಇಂಥ ವಿದೇಶವಾಸ ಉಳ್ಳವರ ಪ್ರವಾಸವಷ್ಟೇ ಎಂಬ ಆಕ್ಷೇಪದಲ್ಲಿ ಹುರುಳಿದೆ. ಎರಡು ವಾರ ಸುತ್ತಾಡಿ 'ಇವರೆಲ್ಲ ಹೀಗೇ' ಎಂದು ತೀರ್ಮಾನಿಸಿದರೆ ಪೂರ್ವಗ್ರಹ ಗಟ್ಟಿಯಾಗುತ್ತದೆ. ಬರಿಯ ಒಡನಾಟ ಸಾಲದು; ಸಮಾನ ಸ್ಥಾನ, ಸಮಾನ ಗುರಿ, ಸಹಕಾರ, ಸಂಸ್ಥೆಯ ಬೆಂಬಲ ಬೇಕೆಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು. ಹಾಗಾಗಿ ಪೂರ್ವಸಿದ್ಧತೆ, ಸ್ಥಳೀಯ ಶಿಕ್ಷಕರ ಪಾಠ, ಅನುಭವವನ್ನು ಗುರುಗಳೊಂದಿಗೆ ಚರ್ಚಿಸುವ ಅವಕಾಶ ಅನಿವಾರ್ಯ. ನೆರೆಯ ವಲಸಿಗರ ಬಡಾವಣೆಯಲ್ಲೇ ಕಲಿಯಬಾರದೇ ಎಂದರೆ, ಖಂಡಿತ ಕಲಿಯಬೇಕು, ಖರ್ಚೂ ಕಡಿಮೆ. ಆದರೆ ಅಲ್ಲಿ ವಿದ್ಯಾರ್ಥಿ ಸಂಜೆ ತನ್ನ ಮನೆಗೆ ಮರಳುತ್ತಾನೆ, ಪರಕೀಯನಾಗಿ ಉಳಿಯುವುದಿಲ್ಲ. ಎರಡೂ ಒಂದಕ್ಕೊಂದು ಪೂರಕ. ವಿದೇಶವಾಸ ಯಾರನ್ನೂ ಪರಿಣತರನ್ನಾಗಿ ಮಾಡದು. ಕೇಳಿಸಿಕೊಳ್ಳುವ ವಿನಯ ಕಲಿಸಿದರೆ ಅದು ಸಾರ್ಥಕ. ವಿಶ್ವವಿದ್ಯಾಲಯಗಳು ಆ ಅವಕಾಶವನ್ನು ವಿದ್ಯಾರ್ಥಿವೇತನದ ಮೂಲಕ ಬಡವರಿಗೂ ತೆರೆಯಬೇಕು.