ರಾತ್ರಿಯ ಅನ್ನ, ಬೆಳಗಿನ ಚಿತ್ರಾನ್ನ

ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ. ಮಕ್ಕಳ ಊಟದ ಡಬ್ಬಿಗೂ ಅದೇ ಹೋಗುತ್ತದೆ. ‘ಚೆನ್ನಾಗಿ ಬಿಸಿ ಮಾಡಿದ್ದೇವಲ್ಲ, ಇನ್ನೇನು ಭಯ?’ ಎನ್ನುವ ತಂದೆತಾಯಿಯರೇ ಹೆಚ್ಚು. ಈ ಧೈರ್ಯ ಎಷ್ಟು ಸರಿ?

ಬ್ಯಾಸಿಲಸ್ ಸೀರಿಯಸ್ ಎಂಬುದು ಮಣ್ಣಿನಲ್ಲಿ ವಾಸಿಸುವ ಬ್ಯಾಕ್ಟೀರಿಯ. ಅಲ್ಲಿಂದ ಅದು ಅಕ್ಕಿಗೂ ಬರುತ್ತದೆ. ಪ್ರತಿಕೂಲ ಪರಿಸ್ಥಿತಿಯಲ್ಲಿ ಗಟ್ಟಿ ಕವಚವುಳ್ಳ ಬೀಜಾಣುವಾಗಿ ಉಳಿಯುತ್ತದೆ. ಅಕ್ಕಿ ಬೇಯುವಾಗ ಬ್ಯಾಕ್ಟೀರಿಯಗಳು ಸತ್ತರೂ ಕೆಲವು ಬೀಜಾಣುಗಳು ಬದುಕಿಕೊಳ್ಳುತ್ತವೆ. ಅನ್ನ ಆರಿ ಉಗುರು ಬೆಚ್ಚಗಾದಾಗ ಅವು ಮೊಳೆತು ಮತ್ತೆ ಬ್ಯಾಕ್ಟೀರಿಯಗಳಾಗುತ್ತವೆ.

ಒಂದು ಲೆಕ್ಕ ಮಾಡಿ. ಒಂದು ಗ್ರಾಂ ಅನ್ನದಲ್ಲಿ 100 ಬ್ಯಾಕ್ಟೀರಿಯಗಳಿವೆ, ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದುಕೊಳ್ಳಿ. ರಾತ್ರಿ 9ರಿಂದ ಬೆಳಗಿನ 5ರವರೆಗೆ 16 ಸಲ ಇಮ್ಮಡಿಯಾಗಿ ಅವುಗಳ ಸಂಖ್ಯೆ 65 ಲಕ್ಷ ಮುಟ್ಟುತ್ತದೆ. ಗ್ರಾಮಿಗೆ 1 ಲಕ್ಷ ದಾಟಿದರೇ ಅಪಾಯ.

ಒಗ್ಗರಣೆಯ ಬಿಸಿಗೆ ಇವು ಸಾಯಬಹುದು. ಆದರೆ ಕೆಲವು ತಳಿಗಳು ಅಷ್ಟರಲ್ಲಿ ಸೀರಿಯುಲೈಡ್ ಎಂಬ ವಿಷವನ್ನು ಅನ್ನದಲ್ಲಿ ಬಿಟ್ಟಿರುತ್ತವೆ. ಅದು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದೂವರೆ ಗಂಟೆ ಇಟ್ಟರೂ ನಾಶವಾಗುವುದಿಲ್ಲ. ಪ್ರೆಷರ್ ಕುಕ್ಕರಿನ ಒಳಗಿನ ಉಷ್ಣತೆಯೂ ಹೆಚ್ಚುಕಡಿಮೆ ಇಷ್ಟೇ! ನಿಂಬೆರಸದ ಹುಳಿಗೂ ಜಠರದ ಆಮ್ಲಕ್ಕೂ ಅದು ಜಗ್ಗುವುದಿಲ್ಲ. ಅನ್ನದ ವಾಸನೆ, ರುಚಿ ಕೆಡದೆಯೂ ಇರಬಹುದು. ತಿಂದ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ ಆರಂಭವಾಗುತ್ತದೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಗುಣವಾಗುತ್ತದೆ. ಅಪರೂಪಕ್ಕೆ ಯಕೃತ್ತಿಗೆ ತೀವ್ರ ಹಾನಿಯಾಗಿ ಪ್ರಾಣಕ್ಕೇ ಕುತ್ತು ಬರುವುದುಂಟು. ವಾಂತಿ ನಿಲ್ಲದಿದ್ದರೆ, ಮಗು ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಹಾಗಾದರೆ ಉಪಾಯ? ಮತ್ತೆ ಬಿಸಿ ಮಾಡುವುದಕ್ಕಿಂತ ಬೇಗ ತಣಿಸುವುದು ಮುಖ್ಯ. ಬೇಯಿಸಿದ ಆಹಾರವನ್ನು 2 ಗಂಟೆಗಿಂತ ಹೆಚ್ಚು ಕಾಲ ಹೊರಗೆ ಇಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿಯಾಗಿಡುವುದಾದರೆ 60 ಡಿಗ್ರಿಗಿಂತ ಮೇಲೆ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ ಇರಲಿ. ಪಾತ್ರೆಯಲ್ಲಿ ರಾಶಿಯಾಗಿರುವ ಅನ್ನದ ನಡುಭಾಗ ಬೇಗ ಆರುವುದಿಲ್ಲ. ಆದ್ದರಿಂದ ಅಗಲ ತಟ್ಟೆಯಲ್ಲಿ ತೆಳುವಾಗಿ ಹರಡಿ, ಆರಿದೊಡನೆ ಮುಚ್ಚಿ ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದ ಮನೆಯಲ್ಲಿ ರಾತ್ರಿ ಅಳತೆಯಾಗಿ ಅನ್ನ ಮಾಡಿ, ಚಿತ್ರಾನ್ನಕ್ಕೆ ಬೆಳಗ್ಗೆಯೇ ಅಕ್ಕಿ ಬೇಯಿಸುವುದು ಕ್ಷೇಮ.

ಶಿಕ್ಷಕರೇ, ಒಂದು ವಾರ ಮನೆಯಲ್ಲಿ ಅನ್ನ ಬೆಂದ ವೇಳೆ, ಉಂಡ ವೇಳೆ, ನಡುವೆ ಅದನ್ನು ಇಟ್ಟ ಜಾಗ ಇವನ್ನು ಬರೆದು ತರುವಂತೆ ವಿದ್ಯಾರ್ಥಿಗಳಿಗೆ ಹೇಳಿ. ಮೇಲಿನ ಲೆಕ್ಕವನ್ನು ಅವರೇ ಮಾಡಲಿ. ಆ ಪಟ್ಟಿ ಪೋಷಕರ ಸಭೆಗೂ ಬರಲಿ.