ವಿಳಾಸವೂ ವ್ಯಕ್ತಿಯೂ: ಸಂಗೀತಾಪಹರಣದ ಹುಸಿ ಆಪಾದನೆಗಳಲ್ಲಿ ಸಾಕ್ಷ್ಯವಿಚಾರ

ದಾಖಲೆಯೊಂದು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಸಾಕ್ಷಿಯಲ್ಲ ಎಂಬುದನ್ನು ನಿರ್ಣಯಿಸುವುದೇ ಇತಿಹಾಸಾಭ್ಯಾಸದ ಮೊದಲ ಪಾಠವೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತೇವೆ. ಈ ವಿವೇಕ ತಪ್ಪಿದರೆ ವಿದ್ವತ್ತಿನ ಕ್ಷೇತ್ರದಲ್ಲಿ ಒಬ್ಬ ಅರಸನ ಕಾಲ ಕೆಲವು ವರ್ಷ ಹಿಂದುಮುಂದಾದೀತು. ನ್ಯಾಯಾಲಯದಲ್ಲಿ ತಪ್ಪಿದರೆ ನಿರಪರಾಧಿಯೊಬ್ಬನ ಜೀವಮಾನದ ಉಳಿತಾಯವೇ ಕರಗಿಹೋದೀತು. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಸಂಗೀತ ಡೌನ್‌ಲೋಡ್ ಮೊಕದ್ದಮೆಗಳು ಇದಕ್ಕೆ ಸ್ಪಷ್ಟವಾದ ನಿದರ್ಶನ. ಹಾಡನ್ನು ಕದಿಯದವರ ಮೇಲೆ ಕಳವಿನ ಆಪಾದನೆ ಹೇಗೆ ಬಂದಿತು, ಅದಕ್ಕೆ ಆಧಾರವಾದ ಸಾಕ್ಷ್ಯದ ಸ್ವರೂಪವೇನು, ನ್ಯಾಯಾಲಯಗಳು ಅದನ್ನು ಹೇಗೆ ಪರೀಕ್ಷಿಸಿದವು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ಮೊದಲು ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. 1999ರಲ್ಲಿ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆ ಬಳಕೆಗೆ ಬಂದಿತು. ಒಬ್ಬನ ಗಣಕಯಂತ್ರದಲ್ಲಿರುವ ಹಾಡಿನ ಕಡತವನ್ನು ದೂರದ ಮತ್ತೊಬ್ಬನು ಬೆಲೆ ಕೊಡದೆ ನಕಲಿಸಿಕೊಳ್ಳಲು ಅದು ದಾರಿಮಾಡಿತು. ಧ್ವನಿಮುದ್ರಣ ಕಂಪೆನಿಗಳು ದಾವೆ ಹೂಡಿದವು. 2001ರಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ಅವರ ಪರವಾಗಿ ಬಂದು ಅದೇ ವರ್ಷ ನ್ಯಾಪ್‌ಸ್ಟರ್ ನಿಂತುಹೋಯಿತು. ಆದರೆ ಅದರ ಜಾಗದಲ್ಲಿ ಕಜ಼ಾ ಮೊದಲಾದ ಹೊಸ ವ್ಯವಸ್ಥೆಗಳು ತಲೆಯೆತ್ತಿದವು. ಇವುಗಳಲ್ಲಿ ಎಲ್ಲ ಹಾಡುಗಳ ಪಟ್ಟಿಯನ್ನು ಇಟ್ಟುಕೊಂಡ ಒಂದೇ ಕೇಂದ್ರವಿರಲಿಲ್ಲವಾದ್ದರಿಂದ ಒಂದನ್ನು ಮುಚ್ಚಿಸಿ ಎಲ್ಲವನ್ನೂ ನಿಲ್ಲಿಸುವುದು ಸಾಧ್ಯವಿರಲಿಲ್ಲ. ಹೀಗಿರಲಾಗಿ ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘವು ಬಳಕೆದಾರರ ಮೇಲೆಯೇ ತಿರುಗಿ ಬೀಳಲು ನಿಶ್ಚಯಿಸಿತು. 2003ನೆಯ ಸೆಪ್ಟೆಂಬರ್ 8ರಂದು ಒಂದೇ ದಿನ 261 ಮಂದಿಯ ಮೇಲೆ ದಾವೆಗಳು ದಾಖಲಾದವು. 2008ರ ಅಂತ್ಯದಲ್ಲಿ ಈ ಕ್ರಮವನ್ನು ಕೈಬಿಡುವ ಹೊತ್ತಿಗೆ ಅದರ ಬಿಸಿ ತಟ್ಟಿದವರ ಸಂಖ್ಯೆ ಸುಮಾರು 35,000ಕ್ಕೆ ಏರಿತ್ತು.

ಈ ದಾವೆಗಳು ಮೊದಲಾಗುತ್ತಿದ್ದ ರೀತಿ ಗಮನಾರ್ಹವಾದುದು. ಕಂಪೆನಿಗಳು ನೇಮಿಸಿದ ಶೋಧಕರು ಸಾಮಾನ್ಯ ಬಳಕೆದಾರರಂತೆಯೇ ಜಾಲವನ್ನು ಹೊಕ್ಕು, ಹಾಡುಗಳನ್ನು ಹಂಚಲು ತೆರೆದಿಟ್ಟಿರುವ ಗಣಕಯಂತ್ರಗಳನ್ನು ಹುಡುಕುತ್ತಿದ್ದರು. ಅವರ ಕೈಗೆ ಸಿಗುತ್ತಿದ್ದುದು ಮೂರು ಸಂಗತಿಗಳು ಮಾತ್ರ: ಹಾಡುಗಳ ಪಟ್ಟಿ, ದಿನ ಮತ್ತು ಗಳಿಗೆ, ಹಾಗೂ ಐ.ಪಿ. ವಿಳಾಸವೆಂಬ ಒಂದು ಸಂಖ್ಯೆ. ಮನುಷ್ಯನ ಹೆಸರು ಅಲ್ಲಿರುವುದಿಲ್ಲ. ಹೆಸರನ್ನು ಬಲ್ಲವರು ಅಂತರ್ಜಾಲ ಸಂಪರ್ಕ ಒದಗಿಸುವ ಕಂಪೆನಿಯವರು. ಮೊದಮೊದಲು ನ್ಯಾಯಾಧೀಶರ ಪರಿಶೀಲನೆಯಿಲ್ಲದೆ ನ್ಯಾಯಾಲಯದ ಗುಮಾಸ್ತನ ಮುದ್ರೆಯಿಂದಲೇ ಈ ಹೆಸರುಗಳನ್ನು ಪಡೆಯಲಾಗುತ್ತಿತ್ತು. 2003ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಕಾನೂನು ಇದಕ್ಕೆ ಅವಕಾಶ ಕೊಡುವುದಿಲ್ಲವೆಂದು ತೀರ್ಪಿತ್ತಿತು. ತರುವಾಯ ಅನಾಮಧೇಯ ಪ್ರತಿವಾದಿಗಳ ಮೇಲೆ ದಾವೆ ಹೂಡಿ, ಸಮನ್ಸಿನ ಮೂಲಕ ಹೆಸರುಗಳನ್ನು ಹೊರತೆಗೆದು, ಆ ಬಳಿಕ ರಾಜಿಯ ಪತ್ರವನ್ನು ಕಳುಹಿಸುವ ಪದ್ಧತಿ ರೂಢಿಗೆ ಬಂದಿತು.

ಐ.ಪಿ. ವಿಳಾಸವೆಂದರೇನೆಂಬುದನ್ನು ಇಲ್ಲಿ ವಿವರಿಸುವುದು ಅವಶ್ಯಕ. ಅಂತರ್ಜಾಲದಲ್ಲಿ ಸಂದೇಶಗಳು ಎಲ್ಲಿಗೆ ಹೋಗಿ ಸೇರಬೇಕೆಂಬುದನ್ನು ಸೂಚಿಸಲು ಪ್ರತಿಯೊಂದು ಸಂಪರ್ಕಕ್ಕೂ ಒಂದು ಸಂಖ್ಯೆಯನ್ನು ಕೊಡಲಾಗುತ್ತದೆ. ಅದು ಮನೆಯ ಬಾಗಿಲಿಗೆ ಹೊಡೆದ ನಂಬರಿನಂತೆ ಸ್ಥಿರವಾದುದೆಂದು ಭಾವಿಸುವುದು ಸರಿಯಲ್ಲ. ಹಳೆಯ ಕ್ರಮದಲ್ಲಿ ಇಂಥ ಸಂಖ್ಯೆಗಳು ಒಟ್ಟು ಸುಮಾರು 429 ಕೋಟಿ ಮಾತ್ರ ಇರುವುದರಿಂದ, ಕಂಪೆನಿಗಳು ಒಂದೇ ಸಂಖ್ಯೆಯನ್ನು ಈ ಹೊತ್ತು ಒಬ್ಬ ಚಂದಾದಾರನಿಗೂ ಮರುಹೊತ್ತು ಇನ್ನೊಬ್ಬನಿಗೂ ಕೊಡುವುದುಂಟು. ಒಂದೇ ಗಳಿಗೆಯಲ್ಲಿ ಅನೇಕ ಚಂದಾದಾರರು ಒಂದೇ ಸಂಖ್ಯೆಯ ಹಿಂದೆ ಇರುವುದೂ ಇಂದು ಸಾಮಾನ್ಯ. ಛತ್ರದ ಕೋಣೆಯ ಸಂಖ್ಯೆಯೆಂದರೆ ಹೋಲಿಕೆ ಹೆಚ್ಚು ಸರಿಯಾದೀತು: ಯಾವ ರಾತ್ರಿ ಆ ಕೋಣೆಯಲ್ಲಿ ಯಾರಿದ್ದರೆಂಬುದನ್ನು ಹೇಳಬೇಕಾದರೆ ಛತ್ರದ ಲೆಕ್ಕದ ಪುಸ್ತಕ ನಿರ್ದುಷ್ಟವಾಗಿರಬೇಕು, ಪುಸ್ತಕ ನಿರ್ದುಷ್ಟವಾಗಿದ್ದರೂ ಅದು ಬಾಡಿಗೆ ತೆತ್ತವನ ಹೆಸರನ್ನು ಹೇಳೀತೇ ಹೊರತು ಅಲ್ಲಿ ಮಲಗಿದ್ದವನ ಹೆಸರನ್ನಲ್ಲ.

ಇದರಿಂದ ದೋಷ ನುಸುಳಬಹುದಾದ ಸ್ಥಾನಗಳು ಮುಖ್ಯವಾಗಿ ನಾಲ್ಕೆಂದು ವಿದಿತವಾಗುತ್ತದೆ. ಒಂದನೆಯದು, ಶೋಧಕರ ಯಂತ್ರವು ಹೆಸರಿನ ಸಾಮ್ಯವನ್ನು ಕಂಡು ಬೇರೊಂದು ಕಡತವನ್ನು ಕದ್ದ ಹಾಡೆಂದು ಎಣಿಸುವುದು. ಎರಡನೆಯದು, ಕಾಲದ ದೋಷ: ಶೋಧಕನ ಗಡಿಯಾರಕ್ಕೂ ಕಂಪೆನಿಯ ಗಡಿಯಾರಕ್ಕೂ ಹೊಂದಾಣಿಕೆಯಿಲ್ಲದೆ, ಅಥವಾ ಒಂದು ದೇಶಭಾಗದ ಗಂಟೆಯನ್ನು ಇನ್ನೊಂದರದ್ದೆಂದು ಓದಿ, ಮುಂದಿನ ಚಂದಾದಾರನ ಹೆಸರನ್ನು ಎತ್ತಿಕೊಳ್ಳುವುದು. ಶಾಸನದ ಶಕವರ್ಷವನ್ನು ಗತವರ್ಷವೋ ವರ್ತಮಾನ ವರ್ಷವೋ ಎಂದು ತಿಳಿಯದೆ ಗಣಿಸಿದವರು ಒಂದು ವರ್ಷ ತಪ್ಪುವುದನ್ನು ಬಲ್ಲ ನಮಗೆ ಈ ದೋಷ ಅಪರಿಚಿತವಲ್ಲ. ಮೂರನೆಯದು, ಸಂಖ್ಯೆಯನ್ನು ಬರೆದುಕೊಳ್ಳುವಾಗಲೋ ಹುಡುಕುವಾಗಲೋ ಆಗುವ ಕೈತಪ್ಪು. ನಾಲ್ಕನೆಯದು, ಸಂಪರ್ಕವು ನಿಜವಾಗಿ ಆ ಚಂದಾದಾರನದೇ ಆಗಿದ್ದರೂ ಅದನ್ನು ಬಳಸಿದವನು ಮಗನೋ, ಅತಿಥಿಯೋ, ಕೋಣೆಯ ಸಂಗಾತಿಯೋ, ಬೀಗವಿಲ್ಲದ ವೈಫೈಗೆ ಲಗ್ಗೆಯಿಟ್ಟ ನೆರೆಯವನೋ ಆಗಿರುವುದು.

ಈ ದೋಷಗಳು ಕೇವಲ ಊಹೆಯವಲ್ಲ. 2003ರ ಮೊದಲ ಕಂತಿನಲ್ಲಿಯೇ ಮ್ಯಾಸಚೂಸೆಟ್ಸ್ ರಾಜ್ಯದ 66 ವರ್ಷದ ಶಿಲ್ಪಿಯೊಬ್ಬಳ ಮೇಲೆ ಕಜ಼ಾ ಮೂಲಕ ಎರಡು ಸಾವಿರಕ್ಕೂ ಮೀರಿದ ಹಾಡುಗಳನ್ನು ಹಂಚಿದಳೆಂಬ ಆಪಾದನೆ ಬಂದಿತು. ಆಕೆಯ ಮನೆಯಲ್ಲಿದ್ದುದು ಮ್ಯಾಕಿಂತೋಷ್ ಯಂತ್ರ. ಕಜ಼ಾ ಆ ಯಂತ್ರದಲ್ಲಿ ನಡೆಯುತ್ತಲೇ ಇರಲಿಲ್ಲ. ಅದೇ ತಿಂಗಳಲ್ಲಿ ದಾವೆಯನ್ನು ಹಿಂತೆಗೆದುಕೊಳ್ಳಲಾಯಿತು. 2005ರಲ್ಲಿ ಪಶ್ಚಿಮ ವರ್ಜೀನಿಯದ 83 ವರ್ಷದ ವೃದ್ಧೆಯೊಬ್ಬಳನ್ನು ಪ್ರತಿವಾದಿಯನ್ನಾಗಿ ಮಾಡಲಾಯಿತು. ಆಕೆ 2004ರ ಡಿಸೆಂಬರಿನಲ್ಲಿಯೇ ತೀರಿಕೊಂಡಿದ್ದಳು. ಬದುಕಿದ್ದಾಗ ಮನೆಯೊಳಗೆ ಗಣಕಯಂತ್ರ ಬರುವುದನ್ನೇ ಆಕೆ ಒಪ್ಪುತ್ತಿರಲಿಲ್ಲವೆಂದು ಮಗಳು ತಿಳಿಸಿದಳು. ಈ ದಾವೆಯೂ ಬಿದ್ದುಹೋಯಿತು.

ವಿಶ್ವವಿದ್ಯಾನಿಲಯಗಳೂ ಇದಕ್ಕೆ ಹೊರತಾಗಿರಲಿಲ್ಲ. 2003ರ ಮೇ ತಿಂಗಳಲ್ಲಿ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾನಿಲಯದ ಖಗೋಳವಿಜ್ಞಾನ ವಿಭಾಗಕ್ಕೆ ಇಂಥದೊಂದು ನೋಟೀಸು ಬಂದಿತು. ಅಷರ್ ಎಂಬ ಪ್ರಸಿದ್ಧ ಗಾಯಕನ ಹಾಡುಗಳು ಅಲ್ಲಿ ಅಕ್ರಮವಾಗಿ ಇವೆಯೆಂಬುದು ಆರೋಪ. ಹುಡುಕಿದಾಗ ಕಂಡದ್ದೇನೆಂದರೆ, ಆ ವಿಭಾಗದ ನಿವೃತ್ತ ಪ್ರಾಧ್ಯಾಪಕರೊಬ್ಬರ ಉಪನಾಮವೂ ಅಷರ್ ಎಂದೇ. ವಿಭಾಗದ ಯಂತ್ರದಲ್ಲಿದ್ದ ಒಂದು ಹಾಡು ಸ್ವಿಫ್ಟ್ ಎಂಬ ಉಪಗ್ರಹವನ್ನು ಕುರಿತು ವಿಜ್ಞಾನಿಗಳೇ ಹಾಡಿದ್ದು. ಈ ಎರಡನ್ನೂ ಕೂಡಿಸಿ ಯಂತ್ರವು ಕಳವನ್ನು ಸೃಷ್ಟಿಸಿತ್ತು. ಸಂಘವು ಕ್ಷಮೆ ಕೇಳಿತು. ರಾಷ್ಟ್ರಕೂಟ ವಂಶದ ಮೂವರು ಕೃಷ್ಣರನ್ನು ಒಬ್ಬನೇ ಎಂದು ತಿಳಿದರೆ ಆಗುವ ಅನಾಹುತಕ್ಕೂ ಇದಕ್ಕೂ ಜಾತಿಭೇದವಿಲ್ಲ.

ಇದಕ್ಕಿಂತ ಬೋಧಪ್ರದವಾದುದು 2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪಿಯಾಟೆಕ್, ಕೊಹ್ನೊ, ಕೃಷ್ಣಮೂರ್ತಿ ಎಂಬ ಮೂವರು ಸಂಶೋಧಕರು ಪ್ರಕಟಿಸಿದ ಪ್ರಯೋಗ. ಬಿಟ್‌ಟೊರೆಂಟ್ ವ್ಯವಸ್ಥೆಯಲ್ಲಿ ಯಾರು ಯಾವ ಕಡತವನ್ನು ಹಂಚುತ್ತಿದ್ದಾರೆಂಬ ಪಟ್ಟಿಯೊಂದಿರುತ್ತದೆ. ಆ ಪಟ್ಟಿಗೆ ಯಾರು ಬೇಕಾದರೂ ಮತ್ತೊಬ್ಬರ ವಿಳಾಸವನ್ನು ಸೇರಿಸಲು ಆಸ್ಪದವಿದ್ದಿತು. ಸಂಶೋಧಕರು ತಮ್ಮ ವಿಶ್ವವಿದ್ಯಾನಿಲಯದ ಮುದ್ರಣಯಂತ್ರಗಳ ವಿಳಾಸಗಳನ್ನು ಸೇರಿಸಿದರು. ಒಂದು ಕಡತವನ್ನೂ ಇಳಿಸಿಕೊಳ್ಳದ, ಇಳಿಸಿಕೊಳ್ಳಲು ಸಾಧ್ಯವೂ ಇಲ್ಲದ ಆ ಮುದ್ರಣಯಂತ್ರಗಳ ಮೇಲೆ ಕೃತಿಸ್ವಾಮ್ಯ ಭಂಗದ ದೂರುಗಳು ಬಂದವು! ಪಟ್ಟಿಯನ್ನು ಮಾತ್ರ ನೋಡಿ ದೂರು ಬರೆಯುವವರು ಇದ್ದರೆಂಬುದು ಇದರಿಂದ ನಿರ್ವಿವಾದವಾಗಿ ಸಿದ್ಧವಾಯಿತು.

ಹಾಗಾದರೆ ನಿರಪರಾಧಿಗಳು ನ್ಯಾಯಾಲಯಕ್ಕೆ ಹೋಗಿ ತಮ್ಮ ಪಕ್ಷವನ್ನು ಏಕೆ ಸಾಧಿಸಲಿಲ್ಲವೆಂಬ ಪ್ರಶ್ನೆ ಏಳುತ್ತದೆ. ಉತ್ತರವು ಹಣದ ಲೆಕ್ಕದಲ್ಲಿದೆ. ಅಮೆರಿಕದ ಕಾನೂನಿನಲ್ಲಿ ಪ್ರತಿಯೊಂದು ಕೃತಿಗೆ 750 ಡಾಲರಿನಿಂದ 30,000 ಡಾಲರಿನವರೆಗೆ, ಬುದ್ಧಿಪೂರ್ವಕ ಭಂಗವಾದರೆ 1,50,000 ಡಾಲರಿನವರೆಗೆ ಪರಿಹಾರವನ್ನು ವಿಧಿಸಬಹುದು; ವಾಸ್ತವವಾದ ನಷ್ಟ ಎಷ್ಟೆಂದು ತೋರಿಸಬೇಕಾಗಿಲ್ಲ. 2007ರಲ್ಲಿ ಮಿನೆಸೋಟ ರಾಜ್ಯದ ಮಹಿಳೆಯೊಬ್ಬಳ ಮೇಲೆ ಕೇವಲ 24 ಹಾಡುಗಳಿಗಾಗಿ ಜ್ಯೂರಿಯು 2,22,000 ಡಾಲರನ್ನು ವಿಧಿಸಿತು; 2009ರ ಮರುವಿಚಾರಣೆಯಲ್ಲಿ ಅದು 19,20,000 ಡಾಲರಿಗೆ ಏರಿ, ಹಲವು ಸುತ್ತುಗಳ ತರುವಾಯ 2012ರಲ್ಲಿ ಮತ್ತೆ ಮೊದಲಿನ ಮೊತ್ತಕ್ಕೆ ಬಂದು ನಿಂತಿತು. ರಾಜಿಗೆ ಕೇಳುತ್ತಿದ್ದುದಾದರೋ ಸಾಮಾನ್ಯವಾಗಿ ಕೆಲವೇ ಸಾವಿರ ಡಾಲರು. ವಕೀಲನನ್ನು ಇಟ್ಟುಕೊಂಡು ಗೆಲ್ಲುವುದಕ್ಕಿಂತ ತಪ್ಪೊಪ್ಪಿಕೊಂಡು ತೆರುವುದೇ ಅಗ್ಗ. ಆದಕಾರಣ ಎಷ್ಟು ಮಂದಿ ಹಣ ತೆತ್ತರೆಂಬ ಸಂಖ್ಯೆಯಿಂದ ಎಷ್ಟು ಮಂದಿ ಅಪರಾಧಿಗಳೆಂಬುದನ್ನು ನಿರ್ಣಯಿಸಲಾಗದು. ರಾಜಿಯ ಪತ್ರವು ಭಯಕ್ಕೂ ಸಾಕ್ಷಿಯಾಗಬಲ್ಲುದು.

ಆದರೂ ಕೆಲವರು ಎದೆಗುಂದದೆ ನಿಂತರು. ಓಕ್ಲಹೋಮದ ತಾಯಿಯೊಬ್ಬಳು ಸಂಪರ್ಕ ತನ್ನ ಹೆಸರಿನಲ್ಲಿದೆಯೆಂಬ ಮಾತ್ರಕ್ಕೆ ತಾನು ಹೊಣೆಯಲ್ಲವೆಂದು ಹಟ ಹಿಡಿದಳು. ಕಂಪೆನಿಗಳು ದಾವೆಯನ್ನು ಬಿಟ್ಟುಬಿಡಲು ಮುಂದಾದಾಗಲೂ ಆಕೆ ಸುಮ್ಮನಾಗದೆ ತನ್ನ ಖರ್ಚನ್ನು ಕೇಳಿದಳು. 2007ರಲ್ಲಿ ನ್ಯಾಯಾಲಯವು ವಕೀಲರ ಖರ್ಚೆಂದು 68,000 ಡಾಲರಿಗೂ ಮೀರಿದ ಮೊತ್ತವನ್ನು ಕಂಪೆನಿಗಳಿಂದ ಕೊಡಿಸಿತು. ಆರೆಗಾನ್ ರಾಜ್ಯದಲ್ಲಿ ಒಬ್ಬಳೇ ಮಗಳನ್ನು ಸಾಕುತ್ತಿದ್ದ ಅಸ್ವಸ್ಥ ಮಹಿಳೆಯೊಬ್ಬಳ ಮೇಲೆ 2005ರಲ್ಲಿ ಹೂಡಿದ ದಾವೆ 2007ರಲ್ಲಿ ವಜಾ ಆಗಿ, ಮರುವರ್ಷ ಆಕೆಗೆ ಒಂದು ಲಕ್ಷ ಡಾಲರಿಗೂ ಹೆಚ್ಚಿನ ಖರ್ಚು ದೊರೆಯಿತು. ಕಡೆಗೆ 2018ರ ಆಗಸ್ಟಿನಲ್ಲಿ, ಚಲನಚಿತ್ರವೊಂದರ ಪ್ರಕರಣದಲ್ಲಿ, ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು ಐ.ಪಿ. ವಿಳಾಸದ ಚಂದಾದಾರನೆಂಬ ಒಂದೇ ಸಂಗತಿಯಿಂದ ಒಬ್ಬನನ್ನು ಕೃತಿಸ್ವಾಮ್ಯ ಭಂಗ ಮಾಡಿದವನೆಂದು ಆಪಾದಿಸಲಾಗದೆಂದು ಸ್ಪಷ್ಟವಾಗಿ ಹೇಳಿತು.

ಯೂರೋಪಿನಲ್ಲಿ ವಿಚಾರವು ಬೇರೊಂದು ಹಾದಿ ಹಿಡಿಯಿತು. ಹಾಡಿನ ಕಳವಿಗೆ ಬದಲಾಗಿ ಬಾಗಿಲನ್ನು ತೆರೆದಿಟ್ಟುದೇ ತಪ್ಪೆಂಬ ವಾದ ಅಲ್ಲಿ ಬೆಳೆಯಿತು. ಜರ್ಮನಿಯಲ್ಲಿ ಒಬ್ಬನ ಸಂಪರ್ಕದ ಮೂಲಕ ಹಾಡೊಂದು ಹಂಚಿಕೆಯಾದಾಗ ಅವನು ರಜೆಯ ಮೇಲೆ ಬೇರೆಡೆಗೆ ಹೋಗಿದ್ದನು. 2010ರ ಮೇ ತಿಂಗಳಲ್ಲಿ ಅಲ್ಲಿನ ಉಚ್ಚ ಸಂಯುಕ್ತ ನ್ಯಾಯಾಲಯವು, ಅವನು ನಷ್ಟಪರಿಹಾರ ಕೊಡಬೇಕಾಗಿಲ್ಲವಾದರೂ ವೈಫೈಯನ್ನು ಭದ್ರಪಡಿಸದಿದ್ದುದಕ್ಕಾಗಿ ತಡೆಯಾಜ್ಞೆಗೆ ಒಳಗಾಗಬೇಕೆಂದು ತೀರ್ಮಾನಿಸಿತು. 2017ರ ತಿದ್ದುಪಡಿಯಿಂದ ಈ ಹೊಣೆ ಬಹುಮಟ್ಟಿಗೆ ಸಡಿಲವಾಯಿತು. ಫ್ರಾನ್ಸಿನಲ್ಲಿ 2012ರ ಸೆಪ್ಟೆಂಬರಿನಲ್ಲಿ ಒಬ್ಬನಿಗೆ 150 ಯೂರೋ ದಂಡ ಬಿದ್ದಿತು. ಹಾಡನ್ನು ಇಳಿಸಿಕೊಂಡವಳು ತಾನೆಂದು ಹೆಂಡತಿಯೇ ಹೇಳಿದ್ದಳು. ದಂಡ ತೆತ್ತವನು ಚಂದಾದಾರನಾದ ಗಂಡ.

ಕರ್ಣಾಟಕಕ್ಕೂ ಈ ವಿಚಾರ ದೂರವಲ್ಲ. 2007ರ ಆಗಸ್ಟ್ 31ರಂದು ಬೆಂಗಳೂರಿನ ತರುಣ ಗಣಕತಂತ್ರಜ್ಞನೊಬ್ಬನನ್ನು ಪುಣೆಯ ಪೊಲೀಸರು ಬಂಧಿಸಿದರು. ಆಪಾದನೆ ಸಂಗೀತಕ್ಕೆ ಸಂಬಂಧಿಸಿದುದಲ್ಲ. ಆರ್ಕುಟ್ ಜಾಲದಲ್ಲಿ ಶಿವಾಜಿ ಮಹಾರಾಜರನ್ನು ಅವಹೇಳನ ಮಾಡಿದನೆಂಬುದು. ಆದರೆ ಆಧಾರ ಅದೇ ಬಗೆಯದು: ಒಂದು ಐ.ಪಿ. ವಿಳಾಸ, ಅದಕ್ಕೆ ಅಂತರ್ಜಾಲ ಕಂಪೆನಿ ಒದಗಿಸಿದ ಒಂದು ಹೆಸರು. ಆ ಹೆಸರು ತಪ್ಪಾಗಿತ್ತು. ತಪ್ಪು ಬೆಳಕಿಗೆ ಬಂದು ಹೊರಬರುವಷ್ಟರಲ್ಲಿ ಅವನು 50 ದಿನಗಳನ್ನು ಸೆರೆಮನೆಯಲ್ಲಿ ಕಳೆದಿದ್ದನು. ಅಮೆರಿಕದಲ್ಲಿ ಹಣಕ್ಕೆ ಬಂದ ಆಪತ್ತು ಇಲ್ಲಿ ದೇಹಕ್ಕೆ ಬಂದಿತು. ನಮ್ಮ 1957ರ ಕೃತಿಸ್ವಾಮ್ಯ ಅಧಿನಿಯಮದ 63ನೆಯ ಪ್ರಕರಣವೂ ಮೂರು ವರ್ಷಗಳವರೆಗಿನ ಕಾರಾಗೃಹವಾಸವನ್ನು ವಿಧಿಸುವುದರಿಂದ ಈ ಎಚ್ಚರಿಕೆ ನಮಗೆ ಅಗತ್ಯ. ಆ ಪ್ರಕರಣವು ತಿಳಿದು ಮಾಡಿದ ಭಂಗವನ್ನು ಶಿಕ್ಷಿಸುತ್ತದೆ. ತಿಳಿವು ಮನುಷ್ಯನಲ್ಲಿರುತ್ತದೆ, ಸಂಖ್ಯೆಯಲ್ಲಿರುವುದಿಲ್ಲ. 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವನ್ನು ಕೇಳುತ್ತದೆ. ಆದರೆ ಆ ಪತ್ರವು ದಾಖಲೆಯ ನೈಜತೆಯನ್ನು ಸಮರ್ಥಿಸೀತೇ ಹೊರತು ಯಂತ್ರದ ಮುಂದೆ ಯಾರು ಕುಳಿತಿದ್ದರೆಂಬುದನ್ನಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಕಂಪೆನಿಗಳ ದೂರು ನಿರಾಧಾರವೆಂದು ವಾಚಕರು ಗ್ರಹಿಸಬಾರದು. ಹಾಡುಗಳ ಅಕ್ರಮ ಹಂಚಿಕೆ ನಿಜವಾಗಿಯೂ ವ್ಯಾಪಕವಾಗಿತ್ತು. ಆಪಾದಿತರಲ್ಲಿ ಅನೇಕರು ಅದನ್ನು ಮಾಡಿದವರೇ. ಹಾಡಿದವನಿಗೂ ರಚಿಸಿದವನಿಗೂ ಸಲ್ಲಬೇಕಾದುದು ಸಲ್ಲಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಅಪರಾಧ ವ್ಯಾಪಕವಾಗಿದೆಯೆಂಬುದು ಇಂಥವನೇ ಅಪರಾಧಿಯೆಂಬುದಕ್ಕೆ ಪ್ರಮಾಣವಾಗಲಾರದು. ಕೂಟಶಾಸನಗಳು ಅನೇಕವಿವೆಯೆಂದು ಕೈಗೆ ಸಿಕ್ಕ ತಾಮ್ರಪಟವನ್ನೆಲ್ಲ ಕೂಟವೆಂದು ಸಾರುವ ಸಂಶೋಧಕನನ್ನು ನಾವು ಒಪ್ಪುವುದಿಲ್ಲವಷ್ಟೆ.

ಇಂದು ವಿಶ್ವವಿದ್ಯಾನಿಲಯಗಳೂ ತಮ್ಮ ವಿದ್ಯಾರ್ಥಿಗಳಿಗೆ ಅಂತರ್ಜಾಲವನ್ನು ಒದಗಿಸುವ ಸಂಸ್ಥೆಗಳಾಗಿವೆ. 2007ರ ಫೆಬ್ರವರಿಯಲ್ಲಿ ಅಮೆರಿಕದ ಸಂಘವು ವಿಶ್ವವಿದ್ಯಾನಿಲಯಗಳ ಮೂಲಕವೇ ವಿದ್ಯಾರ್ಥಿಗಳಿಗೆ ರಾಜಿಪತ್ರಗಳನ್ನು ರವಾನಿಸಲು ತೊಡಗಿತು. ಅಂಥ ಪತ್ರವೊಂದು ನಮ್ಮ ವಿದ್ಯಾರ್ಥಿನಿಲಯದ ಹೆಸರಿಗೂ ಬರಬಹುದು. ಆಗ ಕೇಳಬೇಕಾದ ಪ್ರಶ್ನೆಗಳು ಶಾಸನಪರೀಕ್ಷೆಯವೇ: ಈ ಗಳಿಗೆ ಯಾವ ಗಡಿಯಾರದ್ದು? ಈ ಕಡತವನ್ನು ತೆರೆದು ಕೇಳಿ ನೋಡಿದವರುಂಟೇ? ಈ ಸಂಖ್ಯೆ ಆ ಹೊತ್ತಿಗೆ ಎಷ್ಟು ಮಂದಿಯದಾಗಿತ್ತು? ಆ ಸಂಪರ್ಕವನ್ನು ಬಳಸಬಲ್ಲವರು ಮತ್ತೆ ಯಾರುಯಾರಿದ್ದರು? ಇವುಗಳಿಗೆ ಉತ್ತರ ದೊರೆಯುವ ತನಕ ವಿದ್ಯಾರ್ಥಿಯ ಹೆಸರನ್ನು ಬರೆದುಕೊಡದಿರುವುದೂ, ಸಂಪರ್ಕದ ದಾಖಲೆಗಳನ್ನು ಅಳಿಸದೆ ಕಾಪಾಡುವುದೂ ಸಂಸ್ಥೆಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಆಪಾದಿತನನ್ನು ಬಿಡಿಸುವ ಸಾಕ್ಷ್ಯವೂ ಬಹುಮಟ್ಟಿಗೆ ಅದೇ ದಾಖಲೆಗಳಲ್ಲಿ ಅಡಗಿರುತ್ತದೆ.