ಊರಿಗೆ ಹೊರಟಾಗ ಗಿಳಿಯ ಯೋಗಕ್ಷೇಮ

ಸಂಸ್ಕೃತದಲ್ಲಿ ‘ಶುಕಸಪ್ತತಿ’ ಎಂಬ ಕಥಾಗ್ರಂಥವಿದೆ. ವ್ಯಾಪಾರಿಯೊಬ್ಬನು ಪರಸ್ಥಳಕ್ಕೆ ಹೋಗಿರುವಾಗ ಅವನ ಸಾಕುಗಿಳಿಯು ಮನೆಯೊಡತಿಗೆ ರಾತ್ರಿಗೊಂದರಂತೆ ಎಪ್ಪತ್ತು ಕಥೆಗಳನ್ನು ಹೇಳಿ, ಅವಳು ಹೊಸ್ತಿಲು ದಾಟದಂತೆ ನೋಡಿಕೊಳ್ಳುತ್ತದೆ. ಯಜಮಾನನಿಲ್ಲದ ಮನೆಯನ್ನು ಅಲ್ಲಿ ಗಿಳಿ ಕಾಯಿತು. ಬೇಸಿಗೆಯ ಸೂಟಿಯಲ್ಲಿ ಮನೆಗೆ ಕೀಲಿ ಹಾಕಿ ಹೊರಡುವ ನಮ್ಮ ಮುಂದಿರುವ ಪ್ರಶ್ನೆ ಇದರ ತಿರುವುಮುರುವು: ನಾವಿಲ್ಲದಾಗ ಗಿಳಿಯನ್ನು ಕಾಯುವವರು ಯಾರು? ಹೇಗೆ?

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ನಾವು ವಿದ್ಯಾಗಿರಿಯಿಂದ ಆರು ದಿನದ ಮಟ್ಟಿಗೆ ಬೀಗರ ಊರಿಗೆ ಹೋಗಿದ್ದೆವು. ಮನೆಯಲ್ಲೊಂದು ಕಾಕಟೀಲ್ ಇತ್ತು. ಇದು ಆಸ್ಟ್ರೇಲಿಯಾ ಮೂಲದ ಸಣ್ಣ ಗಿಳಿ. ತಲೆಯ ಮೇಲೆ ಜುಟ್ಟು, ಗಲ್ಲದ ಮೇಲೆ ಕಿತ್ತಳೆ ಬಣ್ಣದ ಬೊಟ್ಟು. ಓಣಿಯ ಹಿರಿಯರೊಬ್ಬರು ಅದನ್ನು ನೋಡಿಕೊಳ್ಳಲು ಒಪ್ಪಿದರು. ಅವರನ್ನು ನಾವು ಕಾಕಾ ಎಂದೇ ಕರೆಯುತ್ತೇವೆ. ನಾನು ಅವರಿಗೊಂದು ಚೀಟಿ ಬರೆದು ಕೊಟ್ಟೆ: ‘ಬಟ್ಟಲು ಬರಿದಾದಾಗ ನವಣೆ ಹಾಕಿರಿ.’

ಕಾಕಾ ದಿನಕ್ಕೆರಡು ಸಲ ಬಂದು ನೋಡಿದರು. ಬಟ್ಟಲು ತುಂಬಿಯೇ ಇತ್ತು. ಮೂರನೆಯ ದಿನ ಸಂಜೆ ಫೋನು ಮಾಡಿ, “ಮಾಸ್ತರ, ಕಾಳು ಹಾಕಿದ್ದು ಹಂಗ ಐತ್ರಿ. ಗಿಣಿಗೆ ನಿಮ್ಮ ನೆನಪಾಗೇತಿ, ತಿನವಲ್ದು,” ಎಂದರು. ಪಕ್ಕದಲ್ಲಿದ್ದ ನನ್ನ ಮನೆಯಾಕೆ ಥಟ್ಟನೆ, “ಕಾಕಾ, ಬಟ್ಟಲಾ ಒಂದೀಟು ಊದಿ ನೋಡ್ರಿ,” ಎಂದಳು. ಅವರು ಊದಿದರು. ಹೊಟ್ಟೆಲ್ಲ ಹಾರಿಹೋಗಿ ತಳದಲ್ಲಿ ಹತ್ತಿಪ್ಪತ್ತು ಕಾಳು ಮಾತ್ರ ಉಳಿದವು! ಪಕ್ಷಿ ಗರಿ ಉಬ್ಬಿಸಿಕೊಂಡು ಪಂಜರದ ನೆಲದ ಮೇಲೆ ಕುಳಿತಿತ್ತು. ಕಾಕಾ ಕೂಡಲೇ ಕಾಳು ಹಾಕಿದರು. ನಾವು ಮರುದಿನ ಬೆಳಗಿನ ಬಸ್ಸಿಗೇ ಮರಳಿದೆವು. ದೈವವಶಾತ್ ಪಕ್ಷಿ ಉಳಿಯಿತು.

ತಪ್ಪು ಕಾಕಾ ಅವರದಲ್ಲ, ನನ್ನ ಚೀಟಿಯದು. ಗಿಳಿಯು ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕು ಮತ್ತು ನಾಲಗೆಗಳ ನಡುವೆ ಅದನ್ನು ತಿರುಗಿಸಿ, ಸಿಪ್ಪೆ ಸುಲಿದು, ತಿರುಳನ್ನಷ್ಟೇ ತಿನ್ನುತ್ತದೆ. ಸಿಪ್ಪೆ ಮತ್ತೆ ಬಟ್ಟಲಿಗೇ ಬೀಳುತ್ತದೆ. ಹೀಗಾಗಿ ಬಟ್ಟಲು ಎಂದೂ ಬರಿದಾಗಿ ಕಾಣುವುದಿಲ್ಲ. ಕಾಕಟೀಲಿನ ತೂಕವಾದರೋ 80ರಿಂದ 100 ಗ್ರಾಮಿನಷ್ಟು. ಇಷ್ಟು ಸಣ್ಣ ದೇಹಕ್ಕೆ ಒಂದು ದಿನದ ಪೂರ್ಣ ಉಪವಾಸವೂ ಅಪಾಯವೇ. ಮೇಲಾಗಿ ಪಕ್ಷಿಗಳು ತಮ್ಮ ಅಸ್ವಸ್ಥತೆಯನ್ನು ಆದಷ್ಟು ಮುಚ್ಚಿಡುತ್ತವೆ. ಅದು ನಮ್ಮ ಕಣ್ಣಿಗೆ ಕಾಣುವ ಹೊತ್ತಿಗೆ ವಿಳಂಬವಾಗಿರುತ್ತದೆ.

ಅಂದಿನಿಂದ ನಾವು ದಿನಕ್ಕೊಂದರಂತೆ ಕಾಳಿನ ಪೊಟ್ಟಣ ಕಟ್ಟಿಟ್ಟು ಹೋಗುತ್ತೇವೆ. ಬೆಳಿಗ್ಗೆ ಹಳೆಯದನ್ನೆಲ್ಲ ಚೆಲ್ಲಿ, ಹೊಸ ಪೊಟ್ಟಣ ಸುರಿಯಬೇಕು. ಪೊಟ್ಟಣ ಉಳಿದರೆ ದಿನ ತಪ್ಪಿದೆಯೆಂದೇ ಅರ್ಥ, ಅಂದಾಜಿನ ಮಾತಿಲ್ಲ. ಜತೆಗೆ ತೊಳೆದ ಕೊತ್ತಂಬರಿ, ಒಂದು ಚೂರು ಗಜ್ಜರಿ ಸಾಕು. ಹಸಿಮೆಣಸಿನಕಾಯಿ ಕೊಡಲು ಅಂಜಬೇಕಿಲ್ಲ; ನಮಗೆ ಹತ್ತುವ ಖಾರ ಪಕ್ಷಿಗಳಿಗೆ ಹತ್ತುವುದಿಲ್ಲ. ಆದರೆ ಚಹಾ, ಚಾಕೊಲೇಟು, ಬೆಣ್ಣೆಹಣ್ಣುಗಳನ್ನು ಪ್ರೀತಿಯಿಂದಲೂ ಕೊಡಲಾಗದು, ಅವು ವಿಷ.

ನೀರನ್ನು ದಿನಕ್ಕೆರಡು ಸಲ ಬದಲಿಸಬೇಕು. ನಮ್ಮ ಬಾಗಲಕೋಟೆಯ ಕಡೆ ಮೇ ತಿಂಗಳ ಬಿಸಿಲು 40 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೆಳಿಗ್ಗೆ ನೆರಳಿದ್ದ ಪಡಸಾಲೆಗೆ ಮಧ್ಯಾಹ್ನ ಪಡುವಣ ಬಿಸಿಲು ಬಡಿಯಬಹುದು. ಆದ್ದರಿಂದ ಇಡೀ ದಿನ ನೆರಳಿರುವ ಜಾಗವನ್ನು ನಾವೇ ಗುರುತಿಸಿ ತೋರಿಸಬೇಕು. ಪಕ್ಷಿ ಬಾಯಿ ತೆರೆದು ಏದುತ್ತ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಅದಕ್ಕೆ ಸೆಕೆ ತಾಳಲಾಗುತ್ತಿಲ್ಲವೆಂದು ತಿಳಿಯಬೇಕು. ಪಂಜರವನ್ನು ನೆರೆಮನೆಗೆ ಒಯ್ದರೆ ಅಡಿಗೆಮನೆಯಲ್ಲಿಡಬಾರದು. ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾಯ್ದಾಗ ಏಳುವ ಹೊಗೆ ಪಕ್ಷಿಯ ಪ್ರಾಣವನ್ನು ನಿಮಿಷಗಳಲ್ಲಿ ತೆಗೆಯಬಲ್ಲದು.

ಕಾಳು, ನೀರುಗಳಷ್ಟೇ ಸಾಲವು. ಗಿಳಿ ಹಿಂಡಿನಲ್ಲಿ ಬಾಳುವ ಜೀವಿ. ಪಂಜರದ ಗಿಳಿಗೆ ಮನೆಮಂದಿಯೇ ಹಿಂಡು. ಹಿಂಡು ಒಮ್ಮೆಲೇ ಮಾಯವಾದರೆ ಕೆಲವು ಪಕ್ಷಿಗಳು ತಮ್ಮ ಗರಿಗಳನ್ನು ತಾವೇ ಕಿತ್ತುಕೊಳ್ಳುತ್ತವೆ. ಆದ್ದರಿಂದ ನೋಡಿಕೊಳ್ಳುವವರು ನಾಲ್ಕೈದು ದಿನ ಮೊದಲಿನಿಂದಲೇ ಬಂದು, ನಮ್ಮೆದುರಿಗೆ ಅದಕ್ಕೆ ಕಾಳು ಹಾಕಿ ಪರಿಚಯ ಮಾಡಿಕೊಳ್ಳಬೇಕು. ನಿತ್ಯದ ಹೊತ್ತಿಗೆ ರೇಡಿಯೊ ಹಚ್ಚಿದರೆ ಕೇಳಿದ ದನಿಯ ಸಮಾಧಾನವಿರುತ್ತದೆ. ಆದರೂ ಪಂಜರದ ಬಳಿ ಕುಳಿತು ಮಾತಾಡಿಸುವ ಮನುಷ್ಯನಿಗೆ ಅದು ಬದಲಿಯಲ್ಲ. ಪಕ್ಷಿಗಳನ್ನು ಬಲ್ಲ ಪಶುವೈದ್ಯರು ಎಲ್ಲ ಊರುಗಳಲ್ಲಿಯೂ ಸಿಗುವುದಿಲ್ಲ. ಅವರನ್ನು ಹೊರಡುವ ಮೊದಲೇ ವಿಚಾರಿಸಿ, ಫೋನ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಡಬೇಕು.

ಇಷ್ಟೂ ಹೇಳಿದ್ದು ಕಾಕಟೀಲ್, ಬಜರಿಗಾರ್‌ಗಳಂಥ ಪರದೇಶದ ಪಕ್ಷಿಗಳ ಮಾತು. ಆಫ್ರಿಕಾದ ಬೂದು ಗಿಳಿಯಂತಹವನ್ನು ಸಾಕಿದವರು 2022ರ ತಿದ್ದುಪಡಿಯ ನಂತರ ಅವುಗಳ ನೋಂದಣಿಯನ್ನೂ ಮಾಡಿಸಬೇಕಾಗುತ್ತದೆ. ನಮ್ಮ ಹೊಲ ತೋಟಗಳ ಹಸಿರು ಗಿಳಿಯನ್ನಂತೂ ಪಂಜರದಲ್ಲಿಡುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅಂತಹ ಪಕ್ಷಿಯನ್ನು ನೆರೆಯವರಿಗೆ ಒಪ್ಪಿಸಿದರೆ ಅವರನ್ನೂ ತೊಡಕಿಗೆ ಸಿಲುಕಿಸಿದಂತೆ. ಹಾಗೆಂದು ಊರಿಗೆ ಹೊರಡುವ ದಿನ ಪಂಜರದ ಬಾಗಿಲು ತೆರೆದುಬಿಡುವುದೂ ಸಲ್ಲ. ಪಂಜರದಲ್ಲೇ ಬೆಳೆದದ್ದು ಹೊರಗೆ ತನ್ನ ಆಹಾರವನ್ನು ಹುಡುಕಿಕೊಳ್ಳಲಾರದು. ಅರಣ್ಯ ಇಲಾಖೆಗೆ ತಿಳಿಸಿ ಅವರ ವಶಕ್ಕೆ ಕೊಡುವುದೇ ಸರಿಯಾದ ದಾರಿ.

ಬಾಣನ ‘ಕಾದಂಬರಿ’ಯನ್ನು ನಾಗವರ್ಮನು ಕನ್ನಡಕ್ಕೆ ತಂದನಷ್ಟೆ. ಅದರಲ್ಲಿ ಬೇಡನ ಕೈಯಿಂದ ತಂದೆಯನ್ನು ಕಳೆದುಕೊಂಡ ಗಿಳಿಮರಿಯನ್ನು ಮುನಿಕುಮಾರ ಹಾರೀತನು ಎತ್ತಿಕೊಂಡು ಹೋಗಿ ಹನಿಹನಿಯಾಗಿ ನೀರು ಕುಡಿಸುತ್ತಾನೆ. ಮರಿಗೆ ಏನು ಬೇಕೆಂದು ಅವನಿಗೆ ಯಾರೂ ಚೀಟಿ ಬರೆದು ಕೊಟ್ಟಿರಲಿಲ್ಲ. ಹತ್ತಿರ ಹೋಗಿ ನೋಡಿ ತಿಳಿದುಕೊಂಡನು. ನಮ್ಮ ನೆರೆಹೊರೆಯವರೂ ಹಾಗೆ ಹತ್ತಿರದಿಂದ ನೋಡುವಂತೆ ಹೇಳಿಕೊಡುವುದು ನಮ್ಮ ಕರ್ತವ್ಯ. ಈಗ ನಮ್ಮ ಚೀಟಿಯ ಮೊದಲ ಸಾಲು ಹೀಗಿದೆ: ‘ಕಾಕಾ, ಮೊದಲು ಬಟ್ಟಲು ಊದಿ ನೋಡಿರಿ.’